ಇಪ್ಪತ್ತು ದಿನ ಕುಡುಗೋಲು ಇಡಬಾರದು

ಕೋಡಿಹಳ್ಳಿ
ಶನಿವಾರ, 22-11-2025

ಪ್ರತಿಮಾಳಿಗೆ ಅಂಬುಜಮ್ಮ ಮಾಡುವ ಆಶೀರ್ವಾದ.

ಮೊದಲು ಚಿರಂಜೀವಿ ಸೌಭಾಗ್ಯವತಿ ಎಂದು ಬರೆದೆ. ಆಮೇಲೆ ಆ ಹಾಳೆ ಹರಿದುಹಾಕಿದೆ. ಇದು ಎರಡನೆಯದು. ನಿನ್ನನ್ನು ಈಗ ಏನೆಂದು ಕರೆಯಬೇಕೋ ನನಗೆ ಯಾರೂ ಹೇಳಿಕೊಟ್ಟಿಲ್ಲ. ಸೊಸೆ ಎನ್ನೋಣವೆಂದರೆ ಕೋರ್ಟಿನ ಕಾಗದವಿದೆ. ಬರೀ ಹೆಸರೇ ಇರಲಿ.

ಈಗ ಮಧ್ಯಾಹ್ನ ಮೂರು ಗಂಟೆ. ಕೊಟ್ಟಿಗೆಯಲ್ಲಿ, ಮೇವು ಕತ್ತರಿಸುವ ಮೆಷಿನ್ನಿನ ಪಕ್ಕ, ಬೂಸಾ ಮೂಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಇವತ್ತು ಮನೆ ಮುಂದೆ ಚಪ್ಪರ. ಬೆಳಿಗ್ಗೆ ಕಂಬ ನಿಲ್ಲಿಸಿ ಮಾವಿನ ಸೊಪ್ಪು ಕಟ್ಟಿದರು. ಹನ್ನೊಂದು ಗಂಟೆಗೆ ನನ್ನ ಮಗ ಜಯನನ್ನು ಮತ್ತೆ ಮಣೆಯ ಮೇಲೆ ಕೂರಿಸಿ ಅರಿಶಿನ ಹಚ್ಚಿದರು. ನಾನು ಹಚ್ಚಲಿಲ್ಲ. ಕೈಯಲ್ಲಿ ಬಟ್ಟಲು ಹಿಡಿದು ಬಾಗಿಲವರೆಗೆ ಹೋಗಿದ್ದೆ. ನನ್ನ ನಾದಿನಿ ಬಟ್ಟಲು ಈಸಿಕೊಂಡು, "ಅತ್ಗೆ, ನೀವು ಒಸಿ ಆ ಕಡೀಕೆ ಇರಿ, ಹೆಣ್ಣಿನ ಕಡೆಯೋರು ಏನಾದ್ರೂ ಅಂದಾರು," ಎಂದಳು. ತಪ್ಪೇನಿಲ್ಲ. ಹತ್ತು ವರ್ಷದ ಹಿಂದೆ ಅವಳ ಗಂಡ ಹೋದಾಗ ನಾನೂ ಅವಳಿಗೆ ಹೀಗೇ ಹೇಳಿದ್ದೆ. ಈಗ ಅವಳಿಗೂ ಹಚ್ಚುವ ಹಾಗಿಲ್ಲ, ಆದರೂ ಬಾಗಿಲು ಕಾಯುವ ಕೆಲಸ ಸಿಕ್ಕಿದೆ. ನನಗೆ ಅದೂ ಇಲ್ಲ. ಹಸುವಿಗೆ ಹುಲ್ಲು ಹಾಕಲು ಮಾತ್ರ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ಆದ್ದರಿಂದ ಇಲ್ಲಿದ್ದೇನೆ.

ನಿನ್ನ ಮಾವ ಹೋದ ಮೇಲೆ ದಿನಕ್ಕೊಂದು ಪುಟ ಬರೆಯುವ ಅಭ್ಯಾಸವಾಗಿದೆ. ಇವತ್ತು ಮಳೆ ಬಂತು, ಇವತ್ತು ಇಷ್ಟು ಸಾಲು ಹುಲ್ಲು ಕೊಯ್ದೆ, ಇವತ್ತು ಅವರ ಚಪ್ಪಲಿ ಯಾರಿಗೋ ಕೊಟ್ಟೆ, ಹೀಗೆ. ಯಾರಿಗೂ ಅಲ್ಲ, ಸುಮ್ಮನೆ. ಇವತ್ತಿನ ಪುಟವನ್ನು ನಿನಗೆ ಬರೆಯುತ್ತಿದ್ದೇನೆ. ಏಳನೇ ಕ್ಲಾಸು ಓದಿದವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು.

ಇವತ್ತು ಬೆಳಿಗ್ಗೆ ಒಂದು ಮಾತಾಯಿತು. ಅಡುಗೆಯವರು ಒಲೆ ಹೂಡಲು ಜಾಗ ಹುಡುಕುತ್ತಿದ್ದರು. ಕೊಟ್ಟಿಗೆಯ ಹಿಂದೆ ನೀನು ಹಾಕಿದ ಸೀಮೆಹುಲ್ಲಿನ ಮಡಿ ಇದೆಯಲ್ಲ, ಬಚ್ಚಲ ನೀರು ಹರಿದು ಬರುವ ಕಡೆ, ಅದನ್ನು ನೋಡಿ ಅವರಲ್ಲೊಬ್ಬ, "ಈ ಹುಲ್ಲ ಸವರಿ ನೆಲ ಮಟ್ಟ ಮಾಡ್ಬುಟ್ರೆ ನಾಕು ಒಲೆ ಆರಾಮಾಗಿ ಕೂತ್ಕೋತವೆ," ಎಂದ. ಮೈಯೆಲ್ಲ ಅರಿಶಿನ ಬಳಿದುಕೊಂಡಿದ್ದ ಜಯ ಮಣೆಯಿಂದ ಎದ್ದು ಬಂದ. "ಅದೊಂದ ಮುಟ್ಬೇಡಿ. ಒಲೆ ರಸ್ತೇಲಿ ಬೇಕಾದ್ರೂ ಹಾಕೊಳ್ಳಿ," ಎಂದ. ಹೆಂಗಸರೆಲ್ಲ ನಕ್ಕರು. "ಮದ್ಲಿಂಗ ಹುಲ್ಲಿಗೂ ಕಾವಲಾ?" ಎಂದು ಯಾರೋ ಛೇಡಿಸಿದರು. ಅವನು ನಗಲಿಲ್ಲ. ನಾನು ಅವನ ಮುಖ ನೋಡಿದೆ. ಎರಡೂವರೆ ವರ್ಷದಿಂದ ಇವನು ನಿನ್ನನ್ನು ಮರೆತಿದ್ದಾನೆ ಎಂದುಕೊಂಡಿದ್ದೆ.

ಇನ್ನೊಂದು, ಮೊನ್ನೆ ಗುರುವಾರದ್ದು. ಮೆಷಿನ್ನಿನ ಬ್ಲೇಡಿಗೆ ಸಾಣೆ ಹಿಡಿಯುವ ಸಮದ್ ಸಾಬರು ಬಂದಿದ್ದರು. ನಿಮ್ಮೂರಿಗೂ ನಮ್ಮೂರಿಗೂ ತಿಂಗಳಿಗೊಮ್ಮೆ ಟಿವಿಎಸ್ ಹತ್ತಿ ಓಡಾಡುವ ಮನುಷ್ಯ, ನಿನಗೇ ಗೊತ್ತು. ಬ್ಲೇಡು ಬಿಚ್ಚುತ್ತಾ, "ಅಮ್ಮಾ, ತಿಪ್ಪಸಂದ್ರದಲ್ಲಿ ನನ್ಗೆ ಒಂದು ಮನೆ ಗಿರಾಕಿ ಕಮ್ಮಿ ಆಗೋಯ್ತು," ಎಂದರು. ಯಾರ ಮನೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ನೀನು ನಿಮ್ಮಪ್ಪ ಬೆಳೆಸಿದ್ದ ಹುಲ್ಲನ್ನೆಲ್ಲ ಬುಡ ಸಮೇತ ಕೀಳಿಸಿ ಬೆಂಕಿ ಹಾಕಿಸಿದೆಯಂತೆ. ಹಸು ಮಾರಿಸಿದೆಯಂತೆ. ಬೆಳಿಗ್ಗೆ ಬಸ್ಸಿಗೆ ಗಾರ್ಮೆಂಟ್ಸಿಗೆ ಹೋಗುತ್ತೀಯಂತೆ. ದಾರಿಯಲ್ಲಿ ಯಾರದಾದರೂ ದನ ಎದುರು ಬಂದರೆ ಪಕ್ಕಕ್ಕೆ ಸರಿಯುತ್ತೀಯಂತೆ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು. ಆಮೇಲೆ ಅವರು ನಿನ್ನ ಮಾತನ್ನು ನೀನು ಹೇಳಿದ ಹಾಗೇ ಹೇಳಿದರು. "ಅತ್ತೆಗೆ ಹೇಳಿ ಸಾಬ್ರೆ, ಆ ಹುಲ್ಲ ಕೀಳ್ಸಿಬುಡೋಕೆ. ಹೊಸಬ್ರು ಬರೋಕೆ ಮುಂಚೇನೇ ಕೀಳ್ಸಿ. ಆ ಹುಡ್ಗೀಗೂ ನನ್ನಂಗೇ ಆಗ್ಬಾರ್ದು."

ಬ್ಲೇಡಿನ ಒಂದು ಕಿವಿ, ಬೋಲ್ಟು ಹಾಕುವ ಕಡೆ, ಬಿರುಕು ಬಿಟ್ಟಿತ್ತು. ವೆಲ್ಡಿಂಗ್ ಮಾಡಿಸಿ ಶನಿವಾರ ತರುತ್ತೇನೆ ಎಂದು ತೆಗೆದುಕೊಂಡು ಹೋದರು.

ಈ ಕಾಗದ ಅದಕ್ಕೆ ಉತ್ತರ. ಹುಲ್ಲು ಕೀಳಿಸಿಲ್ಲ. ಕೀಳಿಸುವುದಿಲ್ಲ. ಅದು ಈಗ ಜಯನ ತಲೆಗಿಂತ ಒಂದು ಮೊಳ ಎತ್ತರ ನಿಂತಿದೆ. ಎರಡು ಹಸು, ಒಂದು ಕರು ದಿನವೂ ಅದನ್ನೇ ತಿನ್ನುತ್ತಿವೆ. ಯಾವುದಕ್ಕೂ ಏನೂ ಆಗಿಲ್ಲ. ಹುಲ್ಲಿನಲ್ಲಿ ದೋಷವಿಲ್ಲ ಪ್ರತಿಮಾ. ನಿನ್ನ ಕೈಯಲ್ಲೂ ಇಲ್ಲ.

ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಯಾಕೆ ಹೇಗೆ ಎಂದು ನೀನು ಕೇಳುತ್ತೀಯ. ಹೇಳುತ್ತೇನೆ.

ಮದುವೆಯಾಗಿ ಮೂರನೇ ತಿಂಗಳು ನೀನು ತವರಿನಿಂದ ಬಂದ ದಿನ ನೆನಪಿದೆ. ಬೇರೆ ಸೊಸೆಯರು ತವರಿನಿಂದ ಚಕ್ಕುಲಿ ತರುತ್ತಾರೆ, ಸೀರೆ ತರುತ್ತಾರೆ. ನೀನು ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಕಡ್ಡಿಯ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಬಂದೆ. ಸೀರೆಯೆಲ್ಲ ಒದ್ದೆ. "ಇದೇನವ್ವ, ಕಬ್ಬು ತಂದಿದ್ದೀಯ?" ಎಂದು ನಿನ್ನ ಮಾವ ಕೇಳಿದರು. "ಅಪ್ಪ ಬೆಳೆಸಿದ ಹುಲ್ಲು ಮಾವ, ಒಂದ್ಸಲ ನೆಟ್ರೆ ಐದಾರು ವರ್ಷ ಬುಡದಿಂದ ಚಿಗುರಿ ಬತ್ತಾನೇ ಇರ್ತದೆ," ಎಂದೆ. ಎರಡು ಗೆಣ್ಣು ಇರುವ ಹಾಗೆ ತುಂಡು ಮಾಡಿದೆ. ಒಂದು ಗೆಣ್ಣು ಮಣ್ಣೊಳಗೆ, ಒಂದು ಮೇಲೆ, ಓರೆಯಾಗಿ ಊರಬೇಕು ಎಂದು ತೋರಿಸಿದೆ. ನಾನು ನೆಟ್ಟಗೆ ಊರಿದ್ದನ್ನೆಲ್ಲ ನೀನು ಸಂಜೆ ಯಾರೂ ಇಲ್ಲದಾಗ ಕಿತ್ತು ಓರೆಯಾಗಿ ಊರಿದೆ. ನಾನು ಬಚ್ಚಲ ಕಿಂಡಿಯಿಂದ ನೋಡಿದೆ.

ಅಲ್ಲಿಂದಲೇ ಶುರುವಾಯಿತು ಎನ್ನಬೇಕು.

ನಾನು ಈ ಮನೆಗೆ ಬಂದು ಮೂವತ್ತೆಂಟು ವರ್ಷ. ದನ ಕಟ್ಟಿದವಳು ನಾನು, ಸಗಣಿ ಬಾಚಿದವಳು ನಾನು. ಬಾಳೆಗೆ ಆನೆ ಬಿದ್ದ ವರ್ಷ ಕಳ್ಳೆಕಾಯಿ ಬಳ್ಳಿ ಹೊತ್ತು ತಂದು ದನ ಉಳಿಸಿದವಳೂ ನಾನೇ. ನೀನು ಬಂದು ಒಂದೇ ವರ್ಷಕ್ಕೆ ಈ ಮನೆಯಲ್ಲಿ ದನದ ಮಾತೆಲ್ಲ ನಿನ್ನದಾಯಿತು. ಎಪ್ಪತ್ತೈದು ದಿನಕ್ಕೆ ಮೊದಲ ಕೊಯ್ಲು. ಆಮೇಲೆ ನಲವತ್ತೈದು ದಿನಕ್ಕೊಂದು. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ಯಬೇಕು, ಮೋಟು ಎತ್ತರ ಬಿಟ್ಟರೆ ಚಿಗುರು ಸೊರಗುತ್ತದೆ. ಕೊಯ್ದ ವಾರಕ್ಕೆ ಡಬ್ಬಿಯಲ್ಲಿ ಅಳೆದು ಯೂರಿಯಾ. ಯೂರಿಯಾ ಹಾಕಿದರೆ ಇಪ್ಪತ್ತು ದಿನ ಕುಡುಗೋಲು ಇಡಬಾರದು. "ಇಪ್ಪತ್ತು ದಿನ ಕಣತ್ತೆ, ಮರೀಬೇಡಿ," ಎಂದು ನೀನು ನನಗೆ ಎಷ್ಟು ಸಲ ಹೇಳಿದ್ದೀಯ. ನಾನು ಅದು ನಿನ್ನ ಗತ್ತು ಎಂದುಕೊಂಡೆ. ಮನೆ ಯಜಮಾನಿಗೆ ಸೊಸೆ ಹಾಕುವ ಗಡುವು ಎಂದುಕೊಂಡೆ.

ಡೇರಿಯಲ್ಲಿ ಹಾಲು ಅಳೆಯುವ ಪ್ರಕಾಶ್ ಒಂದು ದಿನ ನನ್ನ ಮುಂದೆಯೇ ನಿನ್ನ ಮಾವನಿಗೆ, "ಏನ್ ಕೆಂಪಯ್ಯಣ್ಣ, ನಿಮ್ ಸೊಸೆ ಬಂದ್ಮೇಲೆ ಹಾಲು ಗಟ್ಟಿಯಾಯ್ತಲ್ಲ," ಎಂದ. ನಿನ್ನ ಮಾವ, "ಆ ಮಗು ಮುಟ್ಟುದ್ರೆ ಹುಲ್ಲು ಏಳ್ತದೆ ಕಣ್ಲಾ, ನಮ್ಮನೇವ್ಳ ಕೈಲಿ ಗರಿಕೇನೂ ಬರ್ನಿಲ್ಲ," ಎಂದು ನಕ್ಕರು. ಅವರು ತಮಾಷೆಗೆ ಅಂದದ್ದು. ನನಗೆ ಅನ್ನ ಇಳಿಯಲಿಲ್ಲ.

2023ರ ಜೂನ್ ತಿಂಗಳು. ನಿಮ್ಮ ಚಿಕ್ಕಪ್ಪನ ಮನೆಯ ಗೃಹಪ್ರವೇಶಕ್ಕೆಂದು ನೀನು ಶನಿವಾರ ತವರಿಗೆ ಹೋದೆ. ಮಂಗಳವಾರ ಬರುವುದಾಗಿ ಹೇಳಿದ್ದೆ. ಆ ಬೇಸಿಗೆಯಲ್ಲಿ ಹುಲ್ಲು ಸ್ವಲ್ಪ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಮಳೆ ಬಿದ್ದರೆ ಸರಿಹೋಗುತ್ತದೆ, ಬಂದು ಬುಧವಾರ ಕೊಯ್ಯುತ್ತೇನೆ ಎಂದಿದ್ದೆ. ಭಾನುವಾರ ಸಂಜೆ ಮೋಡ ಕಟ್ಟಿತು. ಹಿಪ್ಪುನೇರಳೆ ತೋಟಕ್ಕೆ ತಂದಿದ್ದ ಯೂರಿಯಾ ಅರ್ಧ ಚೀಲ ಮೂಲೆಯಲ್ಲಿತ್ತು. ನಾನು ಎತ್ತಿಕೊಂಡು ಹೋದೆ. ಅಳೆಯಲಿಲ್ಲ. ಬೊಗಸೆ ಬೊಗಸೆ ಎರಚಿದೆ, ಚೀಲ ಖಾಲಿಯಾಗುವ ತನಕ. ನೀನು ಬರುವಷ್ಟರಲ್ಲಿ ಹುಲ್ಲು ಕಡುಹಸಿರಾಗಿ ಕಪ್ಪಗೆ ತಿರುಗಿರಬೇಕು, ನೀನು ಕೇಳಬೇಕು, ನಾನು ಹೇಳಬೇಕು, ನಿನ್ನ ಮಾವ ಕೇಳಿಸಿಕೊಳ್ಳಬೇಕು. ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ದನ ಸಾಯಲಿ ಎಂದಿರಲಿಲ್ಲ. ಅದನ್ನಾದರೂ ನಂಬು.

ರಾತ್ರಿ ಒಳ್ಳೆಯ ಮಳೆ ಬಂತು. ಸೋಮವಾರವೂ ಮೋಡ, ಮಂಗಳವಾರವೂ ಮೋಡ. ಬುಧವಾರ ಬೆಳಿಗ್ಗೆ ನೀನು ಕುಡುಗೋಲು ಹಿಡಿದು ಹೋದವಳು ಅಲ್ಲಿಂದಲೇ ಕೂಗಿದೆ. "ಅತ್ತೇ, ಬನ್ನಿ ನೋಡಿ ಇಲ್ಲಿ, ಎಲ್ಡ್ ದಿನಕ್ಕೆ ಎಷ್ಟು ಕಪ್ಗಾಗದೆ! ಮಳೆ ಅಂದ್ರೆ ಮಳೆ!" ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತೆ. ನೀನು ಇನ್ನೊಂದು ಮಾತು ಆಡುತ್ತೀಯ ಎಂದು ಕಾದೆ. ಏನತ್ತೆ, ನೀವೇನಾದರೂ ಹಾಕಿದ್ರಾ ಎಂದು ಕೇಳಲಿ ಎಂದು ಕಾದೆ. ನೀನು ಮಳೆಯನ್ನೇ ಹೊಗಳಿದೆ. ನನಗೆ ಸಿಟ್ಟು ಬಂತು, ಒಳಗೆ ಹೋದೆ. ನೀನು ಕುಡುಗೋಲು ಇಟ್ಟೆ.

ಇಪ್ಪತ್ತು ದಿನದ ಮಾತು ಆಗ ನನಗೆ ನೆನಪಿತ್ತೇ ಎಂದು ನೀನು ಕೇಳಬಹುದು. ನೆನಪಿತ್ತು.

ಮುಂದಿನದು ನಿನಗೆ ಗೊತ್ತು. ಒಂಬತ್ತು ಗಂಟೆಗೆ ನೀನು ಗೋದಲಿಗೆ ಹಾಕಿದೆ. ಹಸು ಎರಡೂ ಹಸಿದಿದ್ದವು, ಹಸಿರು ಕಂಡು ಮುಗಿಬಿದ್ದವು. ಹತ್ತೂವರೆಗೆ ದೊಡ್ಡ ಹಸು ಏದುಸಿರು ಬಿಡುತ್ತಾ ಕುಸಿಯಿತು. ಡಾಕ್ಟರು ಬರುವಷ್ಟರಲ್ಲಿ ಅದು ಹೋಗಿತ್ತು. ಬಿಳಿಕಾಲಿನದು ಕುಡಿದವರ ಹಾಗೆ ತೂಗಾಡುತ್ತಾ ಇನ್ನೂ ನಿಂತಿತ್ತು. ಡಾಕ್ಟರು ನಿನ್ನನ್ನು ಕೇಳಿದರು, ಹುಲ್ಲಿಗೆ ಯೂರಿಯಾ ಯಾವಾಗ ಹಾಕಿದ್ದು ಎಂದು. ನೀನು ಹೇಳಿದೆ, "ಒಂದು ತಿಂಗಳ ಮೇಲಾಯ್ತು ಸಾರ್." ಹಾಗಾದರೆ ಅದಲ್ಲ, ಪಕ್ಕದ ತೋಟದ ಹಿಪ್ಪುನೇರಳೆಗೆ ಹೊಡೆದ ಔಷಧಿ ಹಾರಿ ಬಂದಿರಬೇಕು ಎಂದುಕೊಂಡು ಅವರು ಅದಕ್ಕೆ ಸೂಜಿ ಹಾಕಿದರು. ನಾನು ಎರಡು ಮಾರು ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ನನ್ನ ಬಾಯಿಂದ ಒಂದು ಮಾತು ಹೊರಟಿದ್ದರೆ ಅವರು ಬೇರೆ ಔಷಧಿ ಕೊಡುತ್ತಿದ್ದರು. ಬಿಳಿಕಾಲಿನದು ನನ್ನ ಕಡೆಗೇ ನೋಡುತ್ತಿತ್ತು. ಅದರ ಬಾಯೊಳಗೆಲ್ಲ ನೀಲಿ. ಅರ್ಧ ಗಂಟೆಗೆ ಅದೂ ಬಿತ್ತು. ಆಮೇಲೆ ಡಾಕ್ಟರು ರಕ್ತ ತೆಗೆದು ನೋಡಿದರು, ಕಾಫಿ ಡಿಕಾಕ್ಷನ್ನಿನ ಬಣ್ಣ. "ಇದು ಯೂರಿಯಾನೇ ಅಮ್ಮ. ಅಳತೆ ಮೀರಿದೆ. ಮಳೆ ಇಲ್ಲದೆ ಮಣ್ಣಲ್ಲೇ ಕೂತಿದ್ದು ಈಗ ಒಂದೇ ಸಲ ಹುಲ್ಲಿಗೆ ಏರಿರಬೇಕು," ಎಂದರು.

ನೀನು ನಿನ್ನ ಕೈ ನೋಡಿಕೊಂಡೆ. ಎರಡೂ ಅಂಗೈ ಬಿಡಿಸಿ ನೋಡಿಕೊಂಡೆ. "ಡಬ್ಬೀಲೇ ಅಳ್ದಿದ್ದೆನಲ್ಲ," ಎಂದೆ. ಸ್ವಲ್ಪ ಹೊತ್ತಿಗೆ, "ನನ್ ಕೈ ಜಾಸ್ತಿ ಆಯ್ತೇನೋ," ಎಂದೆ.

ಅಷ್ಟಕ್ಕೇ ನಿಂತಿದ್ದರೆ ನೀನು ಇವತ್ತೂ ಇಲ್ಲೇ ಇರುತ್ತಿದ್ದೆ. ಎರಡು ಹಸು ಸತ್ತದ್ದಕ್ಕೆ ಯಾರೂ ಹೆಂಡತಿಯನ್ನು ಬಿಡುವುದಿಲ್ಲ. ಸಂಜೆ ಡೇರಿಯ ಹತ್ತಿರ ಪ್ರಕಾಶ್ ಜಯನಿಗೆ ಹೇಳಿದ. ಹಿಂದಿನ ವಾರ ನೀನು ಹಾಲಿನ ಸಾಲಿನಲ್ಲಿ ನಿಂತು, "ಇವೆರಡೂ ಕಣ್ಮುಚ್ಚುದ್ರೆ ನಂಗೂ ಒಂದ್ ಭಾನುವಾರ ಸಿಕ್ಕೀತು ಕಣಣ್ಣ," ಎಂದಿದ್ದೆಯಂತೆ. ಜಯ ಬಿಡದಿಯ ಫ್ಯಾಕ್ಟರಿಯಿಂದ ದಣಿದು ಬಂದವನು, ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದ. "ಅವ್ವಾ, ನೀನೂ ಅಲ್ಲಿದ್ದೆಯಂತೆ. ಅಂದಿದ್ಲಾ?" ನಾನು, "ಅಂದಿದ್ಲು ಕಣಪ್ಪ," ಎಂದೆ. ಸುಳ್ಳಲ್ಲ. ನೀನು ಅಂದಿದ್ದೆ. ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು, ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ಅದನ್ನು ಅವನಿಗೆ ಹೇಳಲಿಲ್ಲ.

ಅವನು ನಿನ್ನನ್ನು ಏನೆಲ್ಲ ಅಂದ ಎಂದು ಇಲ್ಲಿ ಬರೆಯುವುದು ಬೇಡ. ಹದಿನೈದು ದಿನ ಅಂದ. ನೀನು ಒಂದು ಸಲವೂ ನಾನಲ್ಲ ಎನ್ನಲಿಲ್ಲ. ಎನ್ನುತ್ತೀಯ ಎಂದು ಅವನು ಕಾಯುತ್ತಿದ್ದ. ನನಗೆ ಅದು ಕಾಣುತ್ತಿತ್ತು. ನಿನ್ನ ಕೈಯೇ ತಪ್ಪಿತು ಎಂದು ನೀನು ನಂಬಿಬಿಟ್ಟಿದ್ದೆ, ಹೇಗೆ ಎನ್ನುತ್ತೀಯ? ಹೋಗುವ ದಿನ ನನ್ನ ಕಾಲು ಮುಟ್ಟಿ, "ತಪ್ಪಾಯ್ತತ್ತೆ," ಎಂದೆ. ನಾನು ನಿನ್ನ ತಲೆಯ ಮೇಲೆ ಕೈ ಇಟ್ಟು ಒಳ್ಳೇದಾಗ್ಲಿ ಎಂದೆ.

ನಿನ್ನ ಮಾವನಿಗೆ ಗೊತ್ತಿತ್ತು. ಖಾಲಿ ಚೀಲವನ್ನು ನಾನು ತೊಳೆದು ಕಲ್ಲಿನ ಮೇಲೆ ಒಣಹಾಕಿದ್ದೆ, ಹುಲ್ಲು ಹೊರಲು ಬರುತ್ತದಲ್ಲ ಎಂದು. ಅದನ್ನು ನೋಡಿ ಅವರು, "ತೋಟುಕ್ಕೆ ಹಾಕೋದಿತ್ತಲ್ಲ, ಖಾಲಿ ಆಯ್ತಾ?" ಎಂದರು. ನಾನು ಚೀಲವನ್ನು ಮಗುಚಿ ಹಾಕಿದೆ. ಅವರು ಇನ್ನೊಂದು ಸಲ ಕೇಳಲಿಲ್ಲ. ಮಾರನೇ ದಿನ ಕಾಫಿ ಕೊಟ್ಟರೆ, "ಹಾಲು ಬ್ಯಾಡ," ಎಂದರು. ಮೈಗೆ ಆಗುವುದಿಲ್ಲವೇನೋ ಎಂದುಕೊಂಡೆ. ಆ ಮೇಲೆ ಮಜ್ಜಿಗೆಯನ್ನೂ ಮುಟ್ಟಲಿಲ್ಲ. ಹೊಸ ಹಸು ಬಂದು, ಅದು ಕರು ಹಾಕಿ, ಗಿಣ್ಣು ಕಾಯಿಸಿ ಮುಂದಿಟ್ಟರೂ ತಟ್ಟೆ ಸರಿಸಿದರು. ಜನ ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದರು. ಒಂದೇ ಒಂದು ಸಲ ಬಾಯಿಬಿಟ್ಟು, "ಹೇಳ್ಬುಡು ಅಂಬುಜ," ಎಂದರು. ಏನನ್ನು ಎಂದು ನಾನು ಕೇಳಿದೆ. ಅವರು ಎದ್ದು ಹೋದರು.

ನಮಗೆ ಹೇಳದೆ ಅವರು ನಿನ್ನನ್ನು ಕರೆಯಲು ತಿಪ್ಪಸಂದ್ರಕ್ಕೆ ಬಂದಿದ್ದರು ಎಂದು ಆಮೇಲೆ ತಿಳಿಯಿತು. "ನನ್ ಕೈ ಸರೀಗಿಲ್ಲ ಮಾವ, ಬ್ಯಾಡ," ಎಂದೆಯಂತೆ. ಅವರು ನಿನಗೆ ನಿಜ ಹೇಳದೆ ವಾಪಸು ಬಂದರು. ಹೆಂಡತಿಯ ಮಾನ ನೋಡಿದರು. ಹೋದ ವರ್ಷ ಆಷಾಢದಲ್ಲಿ ಹುಲ್ಲಿನ ಮಡಿಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಬಿದ್ದರು. ಮಣ್ಣಿಗೆ ಇಡುವ ಮುಂಚೆ ಎಲ್ಲರೂ ಬಾಯಿಗೆ ಹಾಲು ಬಿಟ್ಟರು. ಬೇಡ, ಅವರು ಹಾಲು ಕುಡಿಯುವುದು ಬಿಟ್ಟಿದ್ದರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾನೂ ಒಂದು ಚಮಚ ಬಿಟ್ಟೆ.

ಆ ದಿನ ನೀನು ಬಂದಿದ್ದೆ. ತೋಟದ ಅಂಚಿನಲ್ಲಿ, ಬಸ್ಸಿನಿಂದ ಇಳಿದ ಹಾಗೇ, ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ನಿನ್ನನ್ನು ಕಂಡವಳು ನಾನೊಬ್ಬಳೇ. ಇಬ್ಬರು ಹೆಂಗಸರನ್ನು ಕಳಿಸಿ ನಿನ್ನನ್ನು ಅಲ್ಲಿಂದಲೇ ಬಸ್ಸು ಹತ್ತಿಸಿದೆ. ದನದ ಜೀವ ತಿಂದವಳು ಮುಖ ನೋಡಲು ಬಂದಿದ್ದಾಳೆ ಎಂದು ಅವರಿಗೆ ಹೇಳಿಕೊಟ್ಟವಳು ನಾನು. ಅವರು ಆ ಮಾತನ್ನು ನಿನಗೆ ಹಾಗೇ ಹೇಳಿದರೋ ತಗ್ಗಿಸಿ ಹೇಳಿದರೋ ಗೊತ್ತಿಲ್ಲ.

ಈಗ ಹುಲ್ಲನ್ನು ನೋಡಿಕೊಳ್ಳುವವಳು ನಾನೇ. ನೀನು ಹೇಳಿದ ಹಾಗೇ ಮಾಡುತ್ತೇನೆ. ಬುಡದಲ್ಲಿ ನಾಲ್ಕು ಬೆರಳು ಬಿಡುತ್ತೇನೆ. ಡಬ್ಬಿಯಲ್ಲಿ ಅಳೆಯುತ್ತೇನೆ. ಯೂರಿಯಾ ಹಾಕಿದ ದಿನವನ್ನು ಪುಸ್ತಕದಲ್ಲಿ ಬರೆದಿಟ್ಟು ಇಪ್ಪತ್ತಲ್ಲ, ಇಪ್ಪತ್ತೈದು ದಿನ ಎಣಿಸುತ್ತೇನೆ. ಹೋದ ವರ್ಷ ಬುಡ ಒತ್ತೊತ್ತಾಗಿ ಮಧ್ಯೆ ಒಣಗತೊಡಗಿದಾಗ ಅಗೆದು, ಒಡೆದು, ಬೇರೆ ಸಾಲಿಗೆ ಹಾಕಿದೆ. ಎಲ್ಲವೂ ಬೇರು ಬಿಟ್ಟು ಹತ್ತಿದವು. ಗರಿ ಕೊಯ್ದು ಕೈಯೆಲ್ಲ ಸಣ್ಣ ಸಣ್ಣ ಗೀರು. ನೀನು ರಾತ್ರಿ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೆಯಲ್ಲ, ನಾನೂ ಹಚ್ಚಿಕೊಳ್ಳುತ್ತೇನೆ. ಈಗ ಡೇರಿಯಲ್ಲಿ ಪ್ರಕಾಶ್, ಅಂಬುಜಕ್ಕನ ಕೈಗುಣ ಎನ್ನುತ್ತಾನೆ.

ಇನ್ನು ಇವತ್ತಿನ ಮಾತು. ಅರಿಶಿನದ ನೀರು ಹುಯ್ದ ಮೇಲೆ, ಊಟಕ್ಕೆ ಮುಂಚೆ, ಜಯ ಇಲ್ಲಿಗೆ ಬಂದ. ನಾನು ಹುಲ್ಲು ಕೊಯ್ಯುತ್ತಿದ್ದೆ. ನಿನ್ನ ಕುಡುಗೋಲು ಇನ್ನೂ ತೊಲೆಯಲ್ಲೇ ಸಿಕ್ಕಿಸಿತ್ತು, ಹಿಡಿಗೆ ಕೆಂಪು ಬಟ್ಟೆ ಸುತ್ತಿದ್ದು. ಅವನು ಅದನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಕೇಳಿದ. "ಅವ್ವಾ, ಒಂದ್ ಮಾತು. ಅವ್ಳು ಬೇಕು ಅಂತ ಹಾಕಿರ್ನಿಲ್ಲ ಅಲ್ವಾ? ಕೈ ತಪ್ಪಿ ಆಗಿರೋದು ಅಲ್ವಾ? ನೀನು ಹೂಂ ಅನ್ನು, ನಾನು ಈಗ್ಲೇ ಗಾಡಿ ತಗೊಂಡು ತಿಪ್ಪಸಂದ್ರಕ್ಕೆ ಹೊಂಟೋಯ್ತೀನಿ. ಹೆಣ್ಣಿನ ಕಡೆಯೋರ ಕಾಲು ನಾನೇ ಕಟ್ಕೋತೀನಿ." ಅವನ ಕಿವಿಯ ಹಿಂದೆ ಅರಿಶಿನ ಹಾಗೇ ಉಳಿದಿತ್ತು. "ಈಗ್ಯಾಕ್ಲಾ ಮಗ ಆ ಮಾತು," ಎಂದೆ. ಅವನು ಹೋದ.

ಅವನು ಹೋದ ಮೇಲೆ ಈ ಪುಸ್ತಕ ತೆಗೆದೆ.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಬೇಡ. ನಿನ್ನ ಕೈ ಸರಿಯಾಗಿದೆ ಎಂದು ನಿನಗೆ ಗೊತ್ತಾಗಬೇಕು, ಅಷ್ಟೇ. ನನ್ನ ಮಗನಿಗೆ ಗೊತ್ತಾಗಬಾರದು. ಅವರಪ್ಪ ಒಂದು ವರ್ಷ ನನ್ನ ಎದುರು ಕರಿ ಕಾಫಿ ಕುಡಿದರು. ಮಗನೂ ಹಾಗೆ ಕುಡಿಯುವುದನ್ನು ನೋಡುವ ಶಕ್ತಿ ನನಗಿಲ್ಲ. ಈ ಕಾಗದವನ್ನು ನೀನು ಅವನಿಗೆ ತೋರಿಸಬಹುದು. ತೋರಿಸುವುದಿಲ್ಲ ಎಂದು ನನಗೆ ಗೊತ್ತು. ಆ ಹುಡುಗಿಗೆ ತನ್ನ ಹಾಗೆ ಆಗಬಾರದು ಎಂದು ಹೇಳಿ ಕಳಿಸಿದವಳು, ಮದುವೆಯಾಗಿ ಮೂರು ದಿನದ ಹೆಣ್ಣಿನ ಸಂಸಾರ ಒಡೆಯುವುದಿಲ್ಲ. ಅದನ್ನು ನಂಬಿಕೊಂಡೇ ಇಷ್ಟು ಬರೆದೆ.

ಆದರೆ ಒಂದು ಹಸು ಕಟ್ಟು. ಹುಲ್ಲು ಹಾಕು. ಕಡ್ಡಿ ಬೇಕಾದರೆ ಇಲ್ಲಿ ಬೇಕಾದಷ್ಟಿದೆ, ನಿನ್ನದೇ. ಓರೆಯಾಗಿ ಊರು. ನಿನಗೆ ನಾನೇನು ಹೇಳಿಕೊಡುವುದು.

ಇಂತಿ,
ಅಂಬುಜಮ್ಮ
(ಕೆಂಪಯ್ಯನವರ ಹೆಂಡತಿ)

ಮರೆತ ಮಾತು: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಪುಟ ತುಂಬಿದೆ, ಹೊಡೆದುಹಾಕಿದರೆ ಗಲೀಜಾಗುತ್ತದೆ ಎಂದು ಇಲ್ಲಿ ಬರೆಯುತ್ತೇನೆ. ಜಯ ಕೇಳಿದಾಗ ನಾನು, ಈಗ್ಯಾಕ್ಲಾ ಆ ಮಾತು, ಎಂದಷ್ಟೇ ಹೇಳಲಿಲ್ಲ. "ಬೇಕು ಅಂತಾನೇ ಹಾಕುದ್ಲು ಕಣ್ಲಾ. ಚೀಲ ಸುರಿಯೋದ ನಾನೇ ಕಣ್ಣಾರೆ ಕಂಡೆ. ನಿಂಗೆ ನೋವಾಗ್ತದೆ ಅಂತ ಇಷ್ಟ್ ದಿನ ಹೇಳ್ನಿಲ್ಲ," ಎಂದೆ. ಅವನು ತೊಲೆಯಿಂದ ನಿನ್ನ ಕುಡುಗೋಲು ಕಿತ್ತು ತಿಪ್ಪೆಗೆ ಎಸೆದು ಹೋದ. ಮದುವೆ ನಿಲ್ಲುವುದಿಲ್ಲ.

ಸಮದ್ ಸಾಬರು ಈಗ ತಾನೇ ಬ್ಲೇಡು ತಂದು ಕೂರಿಸಿ ಹೋದರು. "ಬೆಳಿಗ್ಗೆ ಏಳಕ್ಕೆಲ್ಲ ನಾನು ತಿಪ್ಪಸಂದ್ರದಲ್ಲಿರ್ತೀನಮ್ಮ, ಆ ಮಗೂಗೆ ಏನಾದ್ರೂ ಹೇಳೋದಿತ್ತಾ?" ಎಂದರು. ಈ ಪುಸ್ತಕವನ್ನು ಬೂಸಾ ಮೂಟೆಯ ಕೆಳಗೆ ತಳ್ಳಿ, "ಏನೂ ಇಲ್ಲ ಸಾಬ್ರೆ," ಎಂದೆ. ಹಾಳೆ ಕಿತ್ತು ಲಕೋಟೆಯಲ್ಲಿ ಹಾಕಿ, ಕತ್ತಲಾಗುವ ಮುಂಚೆ ಬಸ್ ಸ್ಟಾಪಿನ ಕೆಂಪು ಡಬ್ಬಿಗೆ ಹಾಕಿ ಬರುತ್ತೇನೆ.

ಧಾರೆ ಕೆಂಗಲ್ ಆಂಜನೇಯನ ಗುಡಿಯಲ್ಲಿ, ನಾಳೆ ಹತ್ತೂಕಾಲಿಗೆ. ನಾಳೆ ಭಾನುವಾರ, ಅಂಚೆಯ ಡಬ್ಬಿ ತೆಗೆಯುವುದಿಲ್ಲ.